ಗೇಟಿನ ಪಕ್ಕದ ಫಲಕವನ್ನು ಓದಿದ್ದೀರಾ?

2024ರ ಮೇ 23ರ ಮಧ್ಯಾಹ್ನ ಡೊಂಬಿವಲಿ ಎಂಐಡಿಸಿಯ ಅಮುದಾನ್ ಕೆಮಿಕಲ್ಸ್ ಕಾರ್ಖಾನೆ ಸ್ಫೋಟಿಸಿದಾಗ ಸುತ್ತಲಿನ ಕಟ್ಟಡಗಳ ಗಾಜುಗಳೂ ಪುಡಿಯಾದವು. 2016ರ ಮೇ 26ರಂದು ಇದೇ ಎಂಐಡಿಸಿಯ ಪ್ರೋಬೇಸ್ ಕಾರ್ಖಾನೆಯಲ್ಲಿ ಇಂಥದೇ ದುರಂತ ನಡೆದಿತ್ತು. ಎರಡರಲ್ಲೂ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಡೊಂಬಿವಲಿ, ಅಂಬರನಾಥ, ತಳೋಜಾದ ಕಾರ್ಖಾನೆಗಳಿಗೆ ನಮ್ಮವರೂ ಪಾಳಿಗೆ ಹೋಗುತ್ತಾರೆ. ಅವರನ್ನು ಕಾಯುವ ನಿಯಮಗಳು ಇರುವುದಾದರೂ ಎಲ್ಲಿ?

ಅಮೆರಿಕದಲ್ಲಿ ಕಾರ್ಖಾನೆ ಸುರಕ್ಷತೆಯ ಕೇಂದ್ರ ನಿಯಮಗಳನ್ನು ಒಂದೇ ಸಂಪುಟ ಸರಣಿಯ 29ನೇ ಶೀರ್ಷಿಕೆ, 1910ನೇ ಭಾಗದಲ್ಲಿ ನೋಡಬಹುದು. ನಮ್ಮಲ್ಲಿ ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಕಾಯ್ದೆ ದಿಲ್ಲಿಯದು, ಭಾರತದ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಅದರ ನಿಯಮಾವಳಿ ಮತ್ತು ತಪಾಸಣೆ ರಾಜ್ಯದ್ದು. 1948ರ ಕಾರ್ಖಾನೆ ಕಾಯ್ದೆಯ ಜೊತೆ 1963ರ ಮಹಾರಾಷ್ಟ್ರ ಕಾರ್ಖಾನೆ ನಿಯಮಗಳನ್ನೂ ಓದಬೇಕು. ತಪಾಸಣೆ ‘ಡಿಶ್’ ಎಂದು ಕರೆಯುವ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಚಾಲನಾಲಯದ ಹೊಣೆ. ಅಪಾಯಕಾರಿ ರಾಸಾಯನಿಕಗಳಿಗೆ ಪರಿಸರ ಕಾಯ್ದೆಯಡಿ 1989ರ ನಿಯಮಗಳು. ಬಾಯ್ಲರ್‌ಗೆ ಬೇರೆ ಕಾನೂನು, ಬೇರೆ ಇಲಾಖೆ.

2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಜಾರಿಗೆ ಬಂದಿತು. ಕಾರ್ಖಾನೆ ಕಾಯ್ದೆಯೂ ಸೇರಿ 13 ಕೇಂದ್ರ ಕಾಯ್ದೆಗಳು ಒಂದೇ ಪುಸ್ತಕವಾದವು. ಆದರೆ ಹೊಸ ನಿಯಮಗಳು ಬರುವ ತನಕ, ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳು ಮುಂದುವರಿಯುತ್ತವೆ. ಹೀಗಾಗಿ ಹಳೆಯದನ್ನು ಮರೆಯುವಂತಿಲ್ಲ.

ಇಷ್ಟೆಲ್ಲ ರಾಜಪತ್ರ ಯಾವ ಕಾರ್ಮಿಕ ಓದಿಯಾನು? ಇದಕ್ಕೆ 1948ರ ಕಾಯ್ದೆಯ 108ನೇ ಕಲಂ ಒಂದು ದಾರಿ ಮಾಡಿತ್ತು. ಕಾಯ್ದೆಯ ಸಾರಾಂಶ ಮತ್ತು ತಪಾಸಣಾಧಿಕಾರಿಯ ಹೆಸರು, ವಿಳಾಸವನ್ನು ಮುಖ್ಯ ಗೇಟಿನ ಬಳಿ ಹಾಕಬೇಕು. ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ. ತೊಡಕು ಇರುವುದು ಈ ‘ಹೆಚ್ಚಿನ’ ಎಂಬ ಪದದಲ್ಲೇ. ನೂರು ಜನರಲ್ಲಿ ಹತ್ತು ಮಂದಿ ಕನ್ನಡಿಗರಿದ್ದರೆ, ಫಲಕ ಕನ್ನಡದಲ್ಲಿ ಇರಬೇಕಾಗಿಲ್ಲ. ಕಲಬುರಗಿಯಿಂದ ಹೊಸದಾಗಿ ಬಂದ ಹುಡುಗ ಅದರ ಮುಂದೆ ದಿನಾ ನಡೆದುಹೋಗುತ್ತಾನೆ, ಓದಲಾರ.

ಆದರೆ ಕೇಳುವ ಹಕ್ಕಿಗೆ ಭಾಷೆಯ ಲೆಕ್ಕವಿಲ್ಲ. ಹೊಸ ಸಂಹಿತೆಯ 14ನೇ ಕಲಂ ಪ್ರಕಾರ ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವುದು ಪ್ರತಿ ಕಾರ್ಮಿಕನ ಹಕ್ಕು. ಪ್ರಾಣಕ್ಕೆ ಕುತ್ತು ತರುವ ಅಪಾಯ ಕಂಡರೆ ಮಾಲೀಕರಿಗೆ ಹೇಳಿ, ಅದೇ ಹೊತ್ತಿಗೆ ತಪಾಸಣಾಧಿಕಾರಿಗೂ ತಿಳಿಸಬಹುದು.

ನಮ್ಮ ಸಂಘಗಳು ಮನಸ್ಸು ಮಾಡಿದರೆ ಆ ಸಾರಾಂಶವನ್ನು ಒಂದು ಹಾಳೆಯಲ್ಲಿ ಕನ್ನಡಕ್ಕೆ ತಂದು ಹಂಚಬಹುದು. ಅಲ್ಲಿಯವರೆಗೆ, ಓದಬಲ್ಲವರು ನಾಳೆ ಗೇಟಿನ ಬಳಿ ಎರಡು ನಿಮಿಷ ನಿಂತು, ಪಕ್ಕದಲ್ಲಿರುವ ನಮ್ಮ ಹುಡುಗನಿಗೆ ಓದಿ ಹೇಳಿ.