ಗಾಜಿನ ತೊಟ್ಟಿಯ ಹಾವಸೆ

ಹಾವಸೆಯನ್ನು ಕುರಿತು ನಮ್ಮ ಭಾಷೆಯಲ್ಲಿ ಒಳ್ಳೆಯ ಮಾತು ಹುಟ್ಟಿದ್ದು ಕಡಮೆ. ಕಲ್ಯಾಣಿಯ ಮೆಟ್ಟಿಲನ್ನು ಮುಚ್ಚುವುದು, ನಡೆವವರ ಕಾಲು ಜಾರಿಸುವುದು, ನೀರಿನ ತೊಟ್ಟಿಯ ಒಳಮೈಗೆ ಅಂಟಿಕೊಂಡು ಮನೆಯ ಹೆಂಗಸರ ಕೈ ನೋಯಿಸುವುದು, ಇಷ್ಟೇ ಅದರ ಕೀರ್ತಿ. ಸಂಸ್ಕೃತ ಕವಿಗಳು ಮಾತ್ರ ಸ್ವಲ್ಪ ಉದಾರಿಗಳು. ಶೈವಲ ಸುತ್ತಿಕೊಂಡ ಮಾತ್ರಕ್ಕೆ ತಾವರೆಯ ಚೆಲುವು ಕುಂದದೆಂದು ಅವರ ಮತ. ಶೈವಲವೆಂಬುದು ಈಗ ವಿಜ್ಞಾನದ ಪಠ್ಯಪುಸ್ತಕಗಳ ಪಾಲಾಗಿದೆ. ಊರಿನ ಬಾಯಲ್ಲಿ ಉಳಿದಿರುವುದು ಪಾಚಿ ಮತ್ತು ಹಾವಸೆ. ಪಾಚಿಗೆ ತಮಿಳಿನ ಪಾಸಿ, ತೆಲುಗಿನ ಪಾಚಿ ಒಡಹುಟ್ಟುಗಳು. ಪಚ್ಚೆ, ಹಸುರು ಮೊದಲಾದ ಮಾತುಗಳೂ ಇದೇ ಕುಲದವೆಂದು ನಿಘಂಟುಕಾರರು ಗುರುತಿಸಿದ್ದಾರೆ. ಪಾಲು ಹಾಲಾದಂತೆ, ಪಸಿರು ಹಸುರಾದಂತೆ, ಹಾವಸೆಯಲ್ಲಿಯೂ ಪಕಾರ ಹಕಾರವಾಯಿತು. ಪಾಚಿ ಮಾತ್ರ ತನ್ನ ಹಳೆಯ ಪಕಾರವನ್ನು ಬಿಡದೆ ಬಂಡೆಗೆ ಅಂಟಿದಂತೆ ಅಂಟಿಕೊಂಡು ಕುಳಿತಿದೆ. ವ್ಯಾಕರಣದಲ್ಲಿಯೂ ಅದು ಅಷ್ಟು ಸುಲಭವಾಗಿ ಕೆರೆದು ತೆಗೆಯಬಹುದಾದ ವಸ್ತುವಲ್ಲ.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯಲ್ಲಿ ಈ ಹಳೆಯ ಮಾತಿಗೆ ಈಚೆಗೆ ಹೊಸದೊಂದು ಬಳಕೆ ಒದಗಿದೆ. ವೈಟ್‌ಫೀಲ್ಡಿನ ಕಡೆಯಿಂದ ನಗರವು ಹೊಲಗಳ ಮೇಲೆ ಹರಿದುಬರುತ್ತಿದೆ. ಅದರೊಡನೆ ಬಂದ ಹವ್ಯಾಸಗಳಲ್ಲಿ ಗಿಡ ನೆಟ್ಟ ಗಾಜಿನ ಮೀನುತೊಟ್ಟಿಯೂ ಒಂದು. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಗೊಂಬೆ, ಇವುಗಳ ಕಾಲ ಹೋಗಿ, ನಿಜವಾದ ಜಲಸಸ್ಯಗಳನ್ನು ಮರಳಿನಲ್ಲಿ ನೆಟ್ಟು ಒಂದು ಚಿಕ್ಕ ನೀರಿನ ತೋಟವನ್ನೇ ಬೆಳೆಸುವ ಆಸೆ ಹುಡುಗರಿಗೆ ಹುಟ್ಟಿದೆ. ಈ ರುಚಿಯನ್ನು ಲೋಕಕ್ಕೆ ಕಲಿಸಿದವನು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಈತ ಛಾಯಾಗ್ರಾಹಕನಾಗಿ, ಅದಕ್ಕೂ ಮೊದಲು ಸೈಕಲ್ ಪಂದ್ಯಗಾರನಾಗಿ ಬಾಳಿದವನು. ಅವನ ತೊಟ್ಟಿಗಳ ಚಿತ್ರವನ್ನು ನೋಡಿದವರಿಗೆ ತಾವೂ ಒಂದನ್ನು ಇಡಬೇಕೆನಿಸುವುದು ಸಹಜ. ಇಟ್ಟವರಲ್ಲಿ ಬಹುಮಂದಿಗೆ ಎರಡನೆಯ ತಿಂಗಳಲ್ಲಿ ಎದುರಾಗುವುದು ಹಾವಸೆ.

ನಮ್ಮ ನೆರೆಮನೆಯ ಹುಡುಗನಿಗೆ ಆದದ್ದೂ ಇದೇ. ಎರಡು ಅಡಿಯ ತೊಟ್ಟಿಯನ್ನು ಮೂಡಣ ಕಿಟಕಿಯ ಬದಿಗೆ ಇಟ್ಟಿದ್ದ. ಬೆಳಗಿನ ಬಿಸಿಲು ಸಾಲದೆಂಬಂತೆ ರಾತ್ರಿ ಹತ್ತರವರೆಗೆ ದೀಪ. ಮೀನುಗಳಿಗೆ ದಿನಕ್ಕೆ ಮೂರು ಹೊತ್ತು ಊಟ. ಮೂರನೆಯ ವಾರದಲ್ಲಿ ಗಾಜಿನ ಮೇಲೆ ಕಂದುಬಣ್ಣದ ಪೊರೆ, ಆರನೆಯ ವಾರದಲ್ಲಿ ಗಿಡಗಳ ತುಂಬ ಹಸುರು ಎಳೆ. ಅಂಗಡಿಯವನು ಕೊಟ್ಟ ಸೀಸೆಯ ಔಷಧಿಯನ್ನು ಸುರಿದ. ನಾಲ್ಕು ದಿನಗಳಲ್ಲಿ ಎಳೆಗಳು ಬೆಳ್ಳಗಾದುವು. ಬಸವನಹುಳುಗಳು ಚಿಪ್ಪಿನೊಳಗೆ ಸೇರಿ ತಳಕ್ಕೆ ಬಿದ್ದುವು. ಐದನೆಯ ದಿನ ನಸುಕಿನಲ್ಲಿ ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದುವು.

"ಮೇಷ್ಟ್ರೇ, ಔಷಧಿ ಹಾಕಿದ್ದು ಪಾಚಿಗೆ. ಮೀನಿಗೆ ಯಾಕೆ ತಾಗಿತು?" ಎಂದು ಕೇಳಿದ.

ನಾನು ಉತ್ತರ ಹೊಂದಿಸುವಷ್ಟರಲ್ಲಿ ಜಗುಲಿಯ ಮೇಲಿದ್ದ ಅವನ ತಾತ ಹೇಳಿದರು. ಅವರು ಒಂದು ಕಾಲಕ್ಕೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಮನೆತನದವರು. "ಕೆರೆ ಒಳಕ್ಕೆ ಗೊಬ್ಬರ ಸುರುದ್ರೆ ಹಿಂಗೇ ಆಯ್ತದೆ ಕಣಪ್ಪ. ಹಾವಸೆ ಸಾಯಿಸ್ತೀನಿ ಅಂತ ಹೊಂಟ್ರೆ ಸಾಯೋದು ಮೀನು. ಮೊದ್ಲು ಗೊಬ್ಬರ ನಿಲ್ಸು."

ತಾತನ ಮಾತಿನಲ್ಲಿ ವಿಜ್ಞಾನದ ಪಾಠವೇ ಅಡಗಿದೆ. ಅಂಗಡಿಯ ಇಂಥ ಔಷಧಿಗಳಲ್ಲಿ ಹಲವಕ್ಕೆ ತಾಮ್ರದ ಲವಣವೇ ಆಧಾರ. ತಾಮ್ರವು ಹಾವಸೆಗೆ ಎಷ್ಟು ವಿಷವೋ ಬಸವನಹುಳುವಿಗೂ ಸೀಗಡಿಗೂ ಅಷ್ಟೇ ವಿಷ, ಕೋಮಲವಾದ ಜಲಸಸ್ಯಗಳಿಗೂ ಕೇಡು. ಸತ್ತ ಹಾವಸೆ ಕೊಳೆಯುವಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಹಗಲಿನಲ್ಲಿ ಆಮ್ಲಜನಕವನ್ನು ಕೊಡುವ ಗಿಡಗಳೂ ರಾತ್ರಿ ಅದನ್ನು ಬಳಸುವುವಾದ್ದರಿಂದ ನೀರು ತೀರ ಬಡವಾಗುವುದು ಸೂರ್ಯೋದಯಕ್ಕೆ ಮುಂಚೆ. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದಕ್ಕೂ ಆಮ್ಲಜನಕದ ಕೊರತೆಯನ್ನೇ ಕಾರಣವಾಗಿ ಹೇಳಿದರು. ಎರಡು ಅಡಿಯ ತೊಟ್ಟಿಗೂ ಕೆರೆಗೂ ಗಾತ್ರದಲ್ಲಿ ಭೇದವೇ ಹೊರತು ಧರ್ಮದಲ್ಲಿ ಭೇದವಿಲ್ಲ.

ಗಾಜಿನ ತೊಟ್ಟಿಯ ಚರಿತ್ರೆಯೇ ಹಾವಸೆಯೊಡನೆ ಆರಂಭವಾದುದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಪಾತ್ರೆಯೊಂದರಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ವ್ಯಾಲಿಸ್ನೇರಿಯ ಗಿಡವನ್ನೂ ಇಟ್ಟು, ಪ್ರಾಣಿಯ ಉಸಿರಿಗೂ ಸಸ್ಯದ ಉಸಿರಿಗೂ ಸರಿದೂಗುವುದೇ ಎಂದು ಪರೀಕ್ಷಿಸಿದನು. ಸ್ವಲ್ಪ ಕಾಲ ಎಲ್ಲವೂ ಚೆನ್ನಾಗಿತ್ತು. ಬಳಿಕ ಹಳೆಯ ಎಲೆಗಳು ಕೊಳೆತು, ಲೋಳೆಯೂ ಹಸುರು ಹಾವಸೆಯೂ ಬೆಳೆದು ನೀರು ಕದಡಿತು. ವಾರಿಂಗ್ಟನ್ ಔಷಧಿಯನ್ನು ಹುಡುಕಲಿಲ್ಲ. ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದುವು, ನೀರು ತಿಳಿಯಾಯಿತು. ಈ ಸಂಗತಿಯನ್ನು ಅವನು 1850ರಲ್ಲಿ ಅಲ್ಲಿನ ರಸಾಯನ ಸಂಘದ ಮುಂದೆ ನಿವೇದಿಸಿದನು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆದುದು 1853ರಲ್ಲಿ. 'ಅಕ್ವೇರಿಯಂ' ಎಂಬ ಮಾತನ್ನು ಫಿಲಿಪ್ ಗಾಸ್ ತನ್ನ ಪುಸ್ತಕದ ಹೆಸರಾಗಿಸಿ ಜನರ ಬಾಯಿಗೆ ತಂದುದು 1854ರಲ್ಲಿ. ಬಸವನಹುಳುವಿನ ಉಪಕಾರವನ್ನು ಆ ಬಳಿಕ ನೆನೆದವರು ವಿರಳ.

ಹಾವಸೆಯೆಂದು ನಾವು ಒಂದೇ ಹೆಸರಿನಿಂದ ಕರೆಯುವುದು ಒಂದೇ ಜಾತಿಯಲ್ಲ. ಹೊಸ ತೊಟ್ಟಿಯ ಕಂದು ಪೊರೆ ಡಯಾಟಮ್ ಎಂಬ ಸಿಲಿಕದ ಕವಚವುಳ್ಳ ಸೂಕ್ಷ್ಮಜೀವಿಗಳದ್ದು, ಬೆರಳಿನಿಂದ ಒರೆಸಿದರೆ ಹೋಗುತ್ತದೆ, ತೊಟ್ಟಿ ಹಳತಾದಂತೆ ತಾನಾಗಿ ಮಾಯವಾಗುತ್ತದೆ, ಅದಕ್ಕಾಗಿ ಚಿಂತಿಸಬೇಕಾದುದಿಲ್ಲ. ನೀರೇ ಹಸುರು ಪಾನಕವಾದರೆ ಅದು ತೇಲುವ ಏಕಕೋಶ ಜೀವಿಗಳ ಕೆಲಸ. ನೀರನ್ನು ಎಷ್ಟು ಬದಲಿಸಿದರೂ ಉಳಿದಷ್ಟೇ ಮತ್ತೆ ಹೆಚ್ಚಿಕೊಳ್ಳುವುದರಿಂದ, ಮೂರು ನಾಲ್ಕು ದಿನ ತೊಟ್ಟಿಗೆ ದಪ್ಪ ಬಟ್ಟೆ ಮುಚ್ಚಿ ಕತ್ತಲೆಯಲ್ಲಿಡುವುದೇ ಲೇಸು. ಸ್ಪೈರೊಗೈರದಂಥ ಉದ್ದನೆಯ ಎಳೆಗಳನ್ನು ಕಡ್ಡಿಗೆ ಸುತ್ತಿ ಎಳೆದು ತೆಗೆಯಬೇಕು. ಎಲೆಯಂಚಿನಲ್ಲಿ ಕರಿಯ ಕುಂಚದಂತೆ ನಿಲ್ಲುವುದು ಕೆಂಪು ಶೈವಲಗಳ ಕುಲಕ್ಕೆ ಸೇರಿದ್ದು; ಕಣ್ಣಿಗೆ ಕಪ್ಪಾಗಿ ಕಂಡರೂ ಸ್ಪಿರಿಟ್ಟಿನಲ್ಲಿ ಅದ್ದಿದರೆ ತನ್ನ ಕೆಂಪನ್ನು ತೋರಿಸಿಕೊಳ್ಳುತ್ತದೆ. ಇದು ಬಹು ಹಟಮಾರಿ. ಹಿಡಿದ ಎಲೆಯನ್ನೇ ಕತ್ತರಿಸಿಬಿಡುವುದು ಬುದ್ಧಿವಂತಿಕೆ. ಇನ್ನು ಮರಳಿನ ಮೇಲೆ ನೀಲಿಹಸುರು ಚಾಪೆಯಂತೆ ಹಾಸಿ, ಎತ್ತಿದರೆ ಹಾಳೆಹಾಳೆಯಾಗಿ ಏಳುವ, ಮಣ್ಣಿನ ಕೆಟ್ಟ ವಾಸನೆಯ ವಸ್ತುವಂತೂ ನಿಜವಾದ ಹಾವಸೆಯೇ ಅಲ್ಲ. ಅದು ಬ್ಯಾಕ್ಟೀರಿಯಾಗಳ ಬಳಗ. ಈ ಭೂಮಿಯ ಗಾಳಿಗೆ ಮೊದಲು ಆಮ್ಲಜನಕವನ್ನು ತುಂಬಿದ್ದು ಅದರ ಪೂರ್ವಜರೇ. ಇಷ್ಟು ಪುರಾತನ ವಂಶವನ್ನು ಒಂದು ಸೀಸೆಯ ಔಷಧಿಯಿಂದ ನಿರ್ವಂಶ ಮಾಡುವೆನೆಂಬ ಹುಡುಗರ ಹುಮ್ಮಸ್ಸನ್ನು ಕಂಡರೆ ನಗು ಬರುತ್ತದೆ.

ಹಾಗಾದರೆ ಹಾವಸೆಗೆ ಬೇಕಾದುದೇನು? ಗಿಡಕ್ಕೆ ಬೇಕಾದುದೇ: ಬೆಳಕು, ಇಂಗಾಲ, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ. ಗಿಡಕ್ಕೆ ಇವೆಲ್ಲ ಸಾಕಷ್ಟು ಬೇಕು. ಹಾವಸೆಗೆ ಅತ್ಯಲ್ಪ ಸಾಕು. ತೊಂದರೆಯ ಮೂಲ ಇಲ್ಲಿದೆ. ಒಂದು ಅಂಶ ಕಡಮೆಯಾದರೂ ಗಿಡದ ಬೆಳವಣಿಗೆ ನಿಲ್ಲುತ್ತದೆ. ನಿಂತೊಡನೆ ಅದು ಉಣ್ಣದೆ ಬಿಟ್ಟ ಉಳಿದ ಅಂಶಗಳನ್ನೆಲ್ಲ ಹಾವಸೆ ಉಣ್ಣುತ್ತದೆ. 1996ರಲ್ಲಿ ಪಾಲ್ ಸಿಯರ್ಸ್, ಕೆವಿನ್ ಕಾನ್ಲಿನ್ ಎಂಬ ಇಬ್ಬರು, ಬೇರೆಲ್ಲ ಅಂಶಗಳನ್ನೂ ಧಾರಾಳವಾಗಿ ಕೊಟ್ಟು ರಂಜಕವೊಂದನ್ನು ಬಿಗಿಹಿಡಿದರೆ ಗಿಡವೇ ಗೆಲ್ಲುವುದೆಂದು ವಾದಿಸಿದರು. ಅಮೆರಿಕದ ಟಾಮ್ ಬಾರ್ ಎಂಬಾತ ಇದಕ್ಕೆ ಇದಿರುವಾದ ಹೂಡಿ, ಗಿಡಗಳು ದಟ್ಟವಾಗಿ ಆರೋಗ್ಯವಾಗಿರುವ ತೊಟ್ಟಿಯಲ್ಲಿ ರಂಜಕ ಹೆಚ್ಚಿದ ಮಾತ್ರಕ್ಕೆ ಹಾವಸೆ ಬರುವುದಿಲ್ಲವೆಂದನು. ಗಾಜಿನ ಮೇಲೆ ಗಟ್ಟಿಯಾಗಿ ಕೂರುವ ಹಸುರು ಚುಕ್ಕೆ ರಂಜಕದ ಕೊರತೆಯಿಂದಲೇ ಬರುವುದೆಂದು ಹವ್ಯಾಸಿಗಳಲ್ಲಿ ಅನೇಕರ ಅನುಭವ. ಇಬ್ಬರ ವಾದವೂ ಗಿಡ ತುಂಬಿದ ತೊಟ್ಟಿಯನ್ನು ಕುರಿತದ್ದು. ಗಿಡಗಳಿಲ್ಲದ, ಅಥವಾ ಎರಡೇ ಕಡ್ಡಿ ನೆಟ್ಟ ತೊಟ್ಟಿಗೆ ಈ ಚರ್ಚೆಯಿಂದ ಪ್ರಯೋಜನವಿಲ್ಲ; ಅಲ್ಲಿ ಉಣ್ಣಲು ಕುಳಿತಿರುವುದು ಹಾವಸೆಯೊಂದೇ.

ತೆರೆದ ನೀರಿನ ಮಾತು ಬೇರೆ. ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ 226ನೆಯ ಸರೋವರವೆಂದು ಗುರುತಿಸಲಾದ ಸರೋವರವೊಂದುಂಟು. ಡೇವಿಡ್ ಷಿಂಡ್ಲರ್ ಎಂಬ ವಿಜ್ಞಾನಿಯೂ ಅವನ ಜೊತೆಗಾರರೂ 1973ರಲ್ಲಿ ಅದರ ನಡುವೆ ಪರದೆಯೊಂದನ್ನು ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ. ಇನ್ನೊಂದಕ್ಕೆ ಇವೆರಡರೊಡನೆ ರಂಜಕ. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಪಾಲು ಹಸುರು ಗಂಜಿಯಂತಾಯಿತು. ಪರದೆಯ ಆಚೆಯ ನೀರು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರ, ಬಟ್ಟೆ ಒಗೆಯುವ ಪುಡಿಗಳಲ್ಲಿದ್ದ ರಂಜಕದ ವಿರುದ್ಧ ಉತ್ತರ ಅಮೆರಿಕದಲ್ಲಿ ಕಾನೂನು ಬಲವಾಗಲು ಸಾಕ್ಷಿಯಾಗಿ ನಿಂತಿತು.

ನಮಗೆ ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಬೆಂಗಳೂರಿನ ಸಾಬೂನಿನ ನೀರನ್ನೂ ಚರಂಡಿಯ ನೀರನ್ನೂ ದಶಕಗಳ ಕಾಲ ಕುಡಿದ ಬೆಳ್ಳಂದೂರು ಕೆರೆಗೆ 2015ರ ಮೇ ತಿಂಗಳಲ್ಲಿಯೂ 2017ರ ಫೆಬ್ರವರಿಯಲ್ಲಿಯೂ ಬೆಂಕಿಯೇ ಹತ್ತಿತು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನ ಕೋಡಿಯ ನೀರು ದಕ್ಷಿಣ ಪಿನಾಕಿನಿಗೆ. ನಂದಿಬೆಟ್ಟದ ಬಳಿ ಹುಟ್ಟಿ ಹೊಸಕೋಟೆಯ ಸೀಮೆಯನ್ನು ಹಾಯ್ದು ಬರುವ ಈ ನದಿ ಮುಂದೆ ತಮಿಳುನಾಡನ್ನು ಹೊಕ್ಕು, ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯ ಗುಡ್ಡೆಗಳನ್ನು ಎತ್ತಿರುವುದನ್ನು ಪತ್ರಿಕೆಗಳ ವಾಚಕರೆಲ್ಲ ಬಲ್ಲರು. ಕೆರೆಯ ಹಾವಸೆಗೆ ಪುಡಿ ಎರಚುವ ಯೋಜನೆಗಳನ್ನು ಕಂಡಾಗ, ತೊಟ್ಟಿಗೆ ಸೀಸೆ ಸುರಿದ ಹುಡುಗನಿಗೂ ದೊಡ್ಡವರಿಗೂ ಏನು ವ್ಯತ್ಯಾಸವೆಂದು ಕೇಳಬೇಕೆನಿಸುತ್ತದೆ. ಹುಡುಗನಾದರೂ ತಾತನ ಮಾತು ಕೇಳಿದ.

ಹಳೆಯ ಕಾಲದ ಕೆರೆಯ ವ್ಯವಸ್ಥೆಯಲ್ಲಿ ಗೊಬ್ಬರವನ್ನು ಹೊರತೆಗೆಯುವ ದಾರಿಯಿತ್ತು. ಬೇಸಗೆಯಲ್ಲಿ ನೀರು ಇಂಗಿದಾಗ ರೈತರು ಬಂಡಿ ಕಟ್ಟಿಕೊಂಡು ಬಂದು ಹೂಳು ತುಂಬಿಕೊಂಡು ಹೋಗುತ್ತಿದ್ದರು. ಆ ಕೆರೆಗೋಡು ಹೊಲಕ್ಕೆ ಬಲವಾಗುತ್ತಿತ್ತು, ಕೆರೆಗೆ ಆಳವಾಗುತ್ತಿತ್ತು. ಮಳೆಗಾಲದಲ್ಲಿ ಕೋಡಿ ಹರಿದು ಹಳೆಯ ನೀರು ಹೋಗಿ ಹೊಸ ನೀರು ನಿಲ್ಲುತ್ತಿತ್ತು. ಗಾಜಿನ ತೊಟ್ಟಿಗೂ ಬೇಕಾದುದು ಇವೆರಡೇ. ವಾರಕ್ಕೊಮ್ಮೆ ಕಾಲುಭಾಗದಿಂದ ಅರ್ಧದವರೆಗೆ ನೀರನ್ನು ಕೊಳವೆಯಿಂದ ಎಳೆದು, ಅದರೊಡನೆ ತಳದ ಕಸವನ್ನೂ ತೆಗೆದರೆ ಕೋಡಿಯೂ ಆಯಿತು, ಹೂಳೂ ಎತ್ತಿದಂತಾಯಿತು. ಆದರೆ ತುಂಬುವ ನೀರನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಗೊಬ್ಬರದ ಬೇಸಾಯವುಳ್ಳ ಸೀಮೆಯಲ್ಲಿ ಕೊಳವೆಬಾವಿಯ ನೀರಿನಲ್ಲಿಯೇ ನೈಟ್ರೇಟ್ ತುಂಬಿರಬಹುದು. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿಯೆಂದು ಭಾರತೀಯ ಮಾನಕ ಹೇಳುತ್ತದೆ. ಮಿತಿ ಮೀರಿದ ನೀರನ್ನು ತೊಟ್ಟಿಗೆ ಹಾಕುವುದೂ ಒಂದು ಹಿಡಿ ಯೂರಿಯ ಹಾಕುವುದೂ ಹೆಚ್ಚುಕಡಮೆ ಒಂದೇ. ಮೀನಿನ ಚಿಂತೆ ಹಾಗಿರಲಿ, ಅದನ್ನು ಮನೆಯ ಮಕ್ಕಳು ಕುಡಿಯುತ್ತಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು.

ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು, ಅದೂ ಪ್ರತಿದಿನ ಒಂದೇ ಹೊತ್ತಿಗೆ. ಕಿಟಕಿಯ ಬಿಸಿಲು ಬೇಡ. ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು. ಗಿಡಗಳನ್ನು ಮಾತ್ರ ಮೊದಲ ದಿನವೇ ದಟ್ಟವಾಗಿ ನೆಡಬೇಕು. ಹೈಡ್ರಿಲ್ಲ, ವ್ಯಾಲಿಸ್ನೇರಿಯ, ಹೈಗ್ರೊಫಿಲ ಮೊದಲಾದುವು ನಮ್ಮ ದೇಶದವೇ, ಬೇಗ ಬೆಳೆಯುವುವು, ಹಾವಸೆಯ ಬಾಯಿಗೆ ಬೀಳುವುದನ್ನು ತಾವೇ ಉಣ್ಣುವುವು. ದುಬಾರಿ ಉಪಕರಣಗಳಿಲ್ಲದೆ, ಜಲ್ಲಿಯ ಕೆಳಗೆ ತೋಟದ ಮಣ್ಣನ್ನೇ ಹಾಸಿ ತೊಟ್ಟಿಯನ್ನು ನಡೆಸಬಹುದೆಂದು ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾಳೆ. ನೀರಿನ ಮೇಲೆ ತೇಲುವ ಗಿಡಗಳು ಗಾಳಿಯ ಇಂಗಾಲವನ್ನೇ ನೇರವಾಗಿ ಪಡೆಯುವುದರಿಂದ ಹಾವಸೆಗಿಂತ ಒಂದು ಹೆಜ್ಜೆ ಮುಂದಿರುತ್ತವೆ ಎಂಬುದು ಅವಳ ಮಾತಿನ ತಿರುಳು. ನಮ್ಮ ಅಂತರಗಂಗೆ ಇಂಥದೇ ಗಿಡ. ಎಲೆಗೋಸಿನ ಮರಿಯಂತೆ ತೇಲುತ್ತದೆ, ಬೇರನ್ನು ಇಳಿಬಿಟ್ಟು ನೀರಿನ ಸಾರವನ್ನೆಲ್ಲ ಹೀರುತ್ತದೆ, ಹಾವಸೆಗೆ ನೆರಳನ್ನೂ ಕವಿಸುತ್ತದೆ. ಈಗ ಪತ್ರಿಕೆಗಳಲ್ಲಿ ಅಂತರಗಂಗೆಯೆಂದು ಬರೆಯುವ ನೇರಿಳೆ ಹೂವಿನ ಕಳೆ ಬೇರೆಯದು. ಅದು ದಕ್ಷಿಣ ಅಮೆರಿಕದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೂವಿನ ಅಂದಕ್ಕಾಗಿ ಬಂಗಾಳಕ್ಕೆ ಬಂದು ಭಾರತದ ಕೆರೆಗಳನ್ನೆಲ್ಲ ಮುಚ್ಚಿತು. ಹಾವಸೆ ತಿನ್ನಲೆಂದು ಅಂಗಡಿಗಳಲ್ಲಿ ಮಾರುವ ಸಕ್ಕರ್ ಮೀನು ಕೂಡ ಅದೇ ಖಂಡದ್ದು. ತೊಟ್ಟಿಯಲ್ಲಿ ಅಡಿಯುದ್ದ ಬೆಳೆದು ಬೇಡವಾದಾಗ ಜನ ಅದನ್ನು ಹೊರಗೆ ಬಿಟ್ಟು, ದಕ್ಷಿಣ ಭಾರತದ ಅನೇಕ ಜಲಾಶಯಗಳಲ್ಲಿ ಅದೀಗ ಬಲೆ ಹರಿಯುವ ಪೀಡೆಯಾಗಿದೆ. ತೊಟ್ಟಿಯಿಂದ ಕತ್ತರಿಸಿ ತೆಗೆದ ಗಿಡ ಸ್ವದೇಶದ್ದಾಗಲಿ ವಿದೇಶದ್ದಾಗಲಿ ಕೆರೆಗೆ ಬೀಳಬಾರದು. ಅದನ್ನು ಬಿಸಿಲಿನಲ್ಲಿ ಒಣಗಿಸಿ ತಿಪ್ಪೆಗೆ ಸೇರಿಸಬೇಕು. ವಾರದ ನೀರನ್ನು ಹಿತ್ತಿಲಿನ ಕರಿಬೇವಿನ ಬುಡಕ್ಕೆ ಹೊಯ್ಯಬೇಕು.