ಸೀಸದ ಸಿಪಾಯಿಗೆ ಹಿಡಿದ ಬಿಳಿ ಪುಡಿ



ನವರಾತ್ರಿಯಲ್ಲಿ ಜಯನಗರ, ಬನಶಂಕರಿಯ ಅನೇಕ ಮನೆಗಳಲ್ಲಿ ಬೊಂಬೆ ಕೂರಿಸುವುದನ್ನು ನೀವು ನೋಡಿರುತ್ತೀರಿ. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಚನ್ನಪಟ್ಟಣದ ಆಟಿಕೆಗಳ ನಡುವೆ, ತಾತನ ಕಾಲದ ಬೆರಳುದ್ದದ ಲೋಹದ ಸಿಪಾಯಿಯೂ ನಿಂತಿರಬಹುದು. ಅವನ ಕಾಲ ಬಳಿ ಬಿಳಿ ಪುಡಿ ಕಂಡರೆ ಧೂಳೆಂದು ಒರೆಸಬೇಡಿ. ಅದು ಏನು ಗೊತ್ತೇ?

ಮೊದಲು ಸಿಪಾಯಿಯ ಹುಟ್ಟನ್ನು ತಿಳಿಯೋಣ. ಲಂಡನ್ನಿನ ಬ್ರಿಟನ್ಸ್ ಸಂಸ್ಥೆ 1893ರಲ್ಲಿ ಟೊಳ್ಳು ಸಿಪಾಯಿಗಳನ್ನು ಎರಕ ಹೊಯ್ಯತೊಡಗಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದು, ಹೊರಪದರ ಗಟ್ಟಿಯಾದೊಡನೆ ಒಳಗಿನ ದ್ರವವನ್ನು ಹೊರಚೆಲ್ಲುವುದು ಇದರ ಕ್ರಮ. ಲೋಹ ಉಳಿಯಿತು, ಬೆಲೆ ಇಳಿಯಿತು. 1913ರಲ್ಲಿ ಲೇಖಕ ಎಚ್.ಜಿ. ವೆಲ್ಸ್ ಇಂಥ ಸಿಪಾಯಿಗಳಿಂದ ಆಡುವ ಯುದ್ಧದಾಟಕ್ಕೆ ನಿಯಮಗಳನ್ನು ಬರೆದರು. ನಮ್ಮ ಚದುರಂಗದ ಆನೆ, ಕುದುರೆ, ಕಾಲಾಳುಗಳಿಗೆ ಇವರು ದೂರದ ನೆಂಟರು.

1975ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆರಂಭವಾದ ರಾಲ್ ಪಾರ್ಥಾ ಸಂಸ್ಥೆಯೂ ಮೊದಮೊದಲು ಸೀಸ ಬೆರೆತ ಲೋಹವನ್ನೇ ಬಳಸುತ್ತಿತ್ತು. 1998ರಲ್ಲಿ ಅದು ಬೇರೊಬ್ಬರ ಪಾಲಾಯಿತು. ಸಂಗ್ರಾಹಕರು ಇಂದಿಗೂ ಅದರ ಹಳೆಯ ಬೊಂಬೆಗಳನ್ನು ಅಕ್ಕರೆಯಿಂದ ನೆನೆಯುತ್ತಾರೆ, ಹುಡುಕುತ್ತಾರೆ. ಆದರೆ ಹುಡುಕಿ ತಂದು ಮರದ ಬೀರುವಿನಲ್ಲಿ ಜೋಪಾನವಾಗಿಟ್ಟದ್ದೇ ಕೆಲವೊಮ್ಮೆ ಮುಳುವಾಗುತ್ತದೆ.

ಕಾರಣ ಹೀಗಿದೆ. ಮರ ಮತ್ತು ರಟ್ಟು ಅಸಿಟಿಕ್ ಆಮ್ಲದ ಆವಿಯನ್ನು ನಿಧಾನವಾಗಿ ಹೊರಬಿಡುತ್ತವೆ. ವಿನಿಗರ್‌ನಲ್ಲಿರುವುದೂ ಇದೇ ಆಮ್ಲ. ತೇವವಿದ್ದಾಗ ಅದು ಸೀಸದೊಡನೆ ಸೇರಿ ಸೀಸದ ಅಸಿಟೇಟ್ ಆಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಬಿಳಿಯ ಸೀಸದ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಆಗ ಆಮ್ಲ ಮತ್ತೆ ಬಿಡುಗಡೆಯಾಗಿ ಹೊಸ ಸೀಸವನ್ನು ತಿನ್ನುತ್ತದೆ. ಆದ್ದರಿಂದಲೇ ಸ್ವಲ್ಪ ಆಮ್ಲವೂ ಇಡೀ ಸಿಪಾಯಿಯನ್ನು ಪುಡಿ ಮಾಡಬಲ್ಲದು.

ಆ ಪುಡಿ ವಿಷ. ಚಿಕ್ಕ ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಮಿದುಳಿನ ಬೆಳವಣಿಗೆಗೆ ಹಾನಿ. ಇಷ್ಟು ಸೀಸ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ. ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ 1999ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದಿತು. 2017ರಿಂದ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90ನ್ನು ಮೀರಬಾರದೆಂಬ ನಿಯಮ ಜಾರಿಯಾಯಿತು. ಆದರೆ ತಾತನ ಪೆಟ್ಟಿಗೆಯೊಳಗಿನ ಸೀಸವನ್ನು ಯಾವ ನಿಯಮವೂ ತಲುಪದು; ಅದನ್ನು ನೀವೇ ಗಮನಿಸಬೇಕು.

ಹಾಗಾದರೆ ಎಸೆದುಬಿಡಬೇಕೇ? ಬೇಡ. ಪುಡಿಯನ್ನು ಕೆರೆಯಬೇಡಿ, ಊದಬೇಡಿ. ದೊಡ್ಡವರು ಕೈಗವಸು ತೊಟ್ಟು ಸಿಪಾಯಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಲಿ; ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಇಟ್ಟಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಚ್ಚಿ ಕೈ ತೊಳೆಯಲಿ. ಮುಂದಿನ ದಸರೆಗೆ ಡಬ್ಬಿಯ ಹೊರಗೆ ಅವನ ಫೋಟೋ ಅಂಟಿಸಿ, ಯಾರು ತಂದದ್ದು, ಯಾವಾಗ ತಂದದ್ದು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಲೋಹ ಸವೆದರೂ ಆ ನೆನಪು ಉಳಿಯುತ್ತದೆ.