ನೆಲಕ್ಕೆ ತಕ್ಕ ಯಂತ್ರ

ಆಸ್ಪತ್ರೆಯ ಉದ್ದನೆಯ ಕಾರಿಡಾರನ್ನು ಒರೆಸುವಾಗ ಒಮ್ಮೆ ನಿಂತು ನೋಡಿ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಬಕೆಟ್ಟಿನ ನೀರು ಕದಡಿರುತ್ತದೆ. ಆಮೇಲೆ ಮಾಪು ಅದ್ದುವುದು, ಹಿಂಡುವುದು ಎಲ್ಲವೂ ಅದೇ ನೀರಿನಲ್ಲಿ. ಈ ಮೂಲೆಯ ಕೊಳೆ ಆ ಮೂಲೆಗೆ ತೆಳ್ಳಗೆ ಹರಡುತ್ತಾ ಹೋಗುತ್ತದೆ.

ನೆಲ ಉಜ್ಜಿ ಒಣಗಿಸುವ ಸ್ಕ್ರಬ್ಬರ್ ಡ್ರೈಯರ್ ಯಂತ್ರದಲ್ಲಿ ಹೀಗಾಗುವುದಿಲ್ಲ, ಅದರಲ್ಲಿ ಎರಡು ಟ್ಯಾಂಕುಗಳಿವೆ. ಒಂದರಿಂದ ಸೋಪಿನ ನೀರು ತಿರುಗುವ ಬ್ರಷ್ಷಿಗೆ ಇಳಿಯುತ್ತದೆ. ಬ್ರಷ್ಷು ಉಜ್ಜಿದ ಕೊಳೆನೀರನ್ನು ಹಿಂದಿನ ರಬ್ಬರ್ ಪಟ್ಟಿ, ಅಂದರೆ ಸ್ಕ್ವೀಜಿ, ಬಳಿದು ಒಟ್ಟುಗೂಡಿಸುತ್ತದೆ. ಮೋಟಾರು ಅದನ್ನು ಎರಡನೆಯ ಟ್ಯಾಂಕಿಗೆ ಹೀರಿಕೊಳ್ಳುತ್ತದೆ. ಒಳ್ಳೆಯ ನೀರಿಗೆ ಕೊಳೆನೀರು ಸೋಕುವುದೇ ಇಲ್ಲ. ನೆಲವೂ ಬೇಗ ಒಣಗುವುದರಿಂದ ಜಾರಿ ಬೀಳುವ ಭಯ ಕಡಿಮೆ.

ಮೊದಲು ನೆಲ ನೋಡಿ

ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಗಟ್ಟಿ ನೆಲಗಳು. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಸುಣ್ಣಕಲ್ಲಿನ ಜಾತಿಯವು. ಅಮೃತಶಿಲೆಯೂ ಅದೇ ಬಳಗದ್ದು. ನಿಂಬೆರಸ ಚೆಲ್ಲಿದರೂ ಸಾಕು, ಹೊಳಪು ಹೋಗಿ ಮಾಸಲು ಕಲೆ ಉಳಿಯುತ್ತದೆ. ಇಂಥ ನೆಲಕ್ಕೆ ಆಸಿಡ್ ಬೆರೆತ ದ್ರಾವಣ ಬೇಡವೇ ಬೇಡ. ನುಣುಪಾದ ನೆಲಕ್ಕೆ ಬ್ರಷ್ಷಿನ ಬದಲು ಕೆಂಪು ಅಥವಾ ಬಿಳಿಯ ಮೆತ್ತನೆಯ ಪ್ಯಾಡ್ ಹಾಕಿದರೆ ಸಾಕು. ಕಪ್ಪು ಪ್ಯಾಡ್ ಹಳೆಯ ಪಾಲಿಶ್ ಕಿತ್ತು ತೆಗೆಯುವಷ್ಟು ಒರಟು. ಟೈಲ್ಸ್ ನಡುವಿನ ಸಂದಿಗಳಿಗೆ ಬ್ರಷ್ಷೇ ಬೇಕು, ಅದರ ಎಳೆಗಳು ಒಳಗಿಳಿದು ಉಜ್ಜುತ್ತವೆ.

ಲೆಕ್ಕ ಹಾಕಿ ಕೊಳ್ಳಿ

ಉಜ್ಜುವ ಅಗಲ 50 ಸೆಂಟಿಮೀಟರ್, ವೇಗ ಗಂಟೆಗೆ 4 ಕಿಲೋಮೀಟರ್ ಎಂದರೆ ಕಾಗದದ ಮೇಲೆ ಗಂಟೆಗೆ 2,000 ಚದರ ಮೀಟರ್. ಆದರೆ ತಿರುವು, ಒಂದರ ಮೇಲೊಂದು ಬರುವ ಪಟ್ಟೆ, ನೀರು ತುಂಬಿಸುವ ಹೊತ್ತು ಇವೆಲ್ಲ ಲೆಕ್ಕಕ್ಕೆ ಬರಬೇಕು. ಮೂರನೆಯ ಒಂದು ಪಾಲು ಕಳೆದು ಸುಮಾರು 1,300 ಎಂದುಕೊಂಡರೆ ಕ್ಷೇಮ. ನಿಮಿಷಕ್ಕೆ 1 ಲೀಟರ್ ಇಳಿಸಿದರೆ 40 ಲೀಟರ್ ಟ್ಯಾಂಕು 40 ನಿಮಿಷದಲ್ಲಿ ಬರಿದು. ಹಾಗಾಗಿ ನಲ್ಲಿ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಕುರ್ಚಿ, ಮಂಚಗಳ ನಡುವೆ ಸಣ್ಣ ಯಂತ್ರ ಒಳ್ಳೆಯದು. ಬಯಲಿನಂಥ ಗೋದಾಮಿಗೆ ಕೂತು ಓಡಿಸುವ ಯಂತ್ರ ಹೊಂದುತ್ತದೆ. ಲಿಫ್ಟಿನ ಬಾಗಿಲ ಅಗಲವನ್ನು ಅಳೆಯಲು ಮರೆಯಬೇಡಿ. ಲಿಥಿಯಂ ಬ್ಯಾಟರಿ ದುಬಾರಿ, ಆದರೆ ಬೇಗ ಚಾರ್ಜ್ ಆಗುತ್ತದೆ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು.

ಕೊನೆಯ ಮಾತು ತಳ್ಳುವವರದು

ಕೊಳೆನೀರಿನ ಟ್ಯಾಂಕನ್ನು ದಿನವೂ ತೊಳೆದು, ಮುಚ್ಚಳ ತೆರೆದು ಆರಲು ಬಿಡಬೇಕು, ಇಲ್ಲವಾದರೆ ನಾರುತ್ತದೆ. ಸ್ಕ್ವೀಜಿಯ ಅಂಚು ಸವೆದರೆ ನೆಲದ ಮೇಲೆ ನೀರಿನ ಗೆರೆ ಉಳಿಯುತ್ತದೆ. ಹಲವು ಯಂತ್ರಗಳಲ್ಲಿ ಪಟ್ಟಿಯನ್ನು ತಿರುಗಿಸಿ ಹಾಕಿ ಅದರ ನಾಲ್ಕೂ ಅಂಚು ಬಳಸಬಹುದು. ಇದನ್ನೆಲ್ಲ ದಿನಾ ಮಾಡುವವರು ಸ್ವಚ್ಛತಾ ಸಿಬ್ಬಂದಿ. ಅವರ ಎತ್ತರಕ್ಕೆ ಹಿಡಿ ಹೊಂದದಿದ್ದರೆ, ತುಂಬಿದ ಟ್ಯಾಂಕನ್ನು ಖಾಲಿ ಮಾಡುವುದು ತ್ರಾಸವಾದರೆ, ಎಂಥ ಯಂತ್ರವಾದರೂ ಮೂಲೆ ಸೇರುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ನಿಮ್ಮದೇ ನೆಲದ ಮೇಲೆ ಒಂದು ದಿನ ಓಡಿಸಿ ನೋಡಿ. ಯಂತ್ರ ಹಾದುಹೋದ ಜಾಗದಲ್ಲಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಳಿಕ ಅದನ್ನು ತಳ್ಳಿದ ಅಕ್ಕನನ್ನು ಕೇಳಿ, "ನಾಳೆಯೂ ಇದೇ ಬೇಕಾ?" ಅವರು ಹೂಂ ಅಂದ ಯಂತ್ರವನ್ನೇ ಕೊಳ್ಳಿ.